ಕೈ ಎತ್ತುವ ಮುಂಚೆ

ಎರಡು ವರ್ಷದ ಹಿಂದೆ, ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬ್‌ನಲ್ಲಿ ಸಿಕ್ಕಿಹಾಕಿಕೊಂಡು ಕೂತಿದ್ದಾಗ ನಮ್ಮ ಸೋದರಮಾವ ಫೋನ್ ಮಾಡಿದರು. "ಏನಿಲ್ಲ ಕಣೋ, ನಮ್ಮ ಕಾಲೇಜಿನ ಟ್ರಸ್ಟಿಗೆ ಒಬ್ಬರು ಬೇಕು. ವಯಸ್ಸಿನವರು ಬೇಕು. ನಿನ್ನ ಹೆಸರು ಹೇಳ್ಲಾ?"

"ಹೇಳಿ ಮಾವ" ಅಂದೆ. ಸಿಗ್ನಲ್ ಬಿಡೋಕೆ ಮುಂಚೆ ಒಪ್ಪಿಕೊಂಡುಬಿಟ್ಟಿದ್ದೆ. ಕೆಲಸ ಏನು, ಜವಾಬ್ದಾರಿ ಏನು, ಒಂದೂ ಕೇಳಲಿಲ್ಲ. ರಾತ್ರಿ ಮನೆಗೆ ಹೋದವನು ಮೊದಲು ಮಾಡಿದ ಕೆಲಸ ಲಿಂಕ್ಡ್‌ಇನ್‌ನಲ್ಲಿ 'ಟ್ರಸ್ಟಿ' ಅಂತ ಒಂದು ಸಾಲು ಸೇರಿಸಿದ್ದು. ಬೆಳಗ್ಗೆಯೊಳಗೆ ಇನ್ನೂರು ಲೈಕು. ಆಫೀಸಿನಲ್ಲಿ ಮ್ಯಾನೇಜರ್ ಕೂಡ "ಗ್ರೇಟ್ ಮ್ಯಾನ್" ಅಂದರು. ಏನು ಗ್ರೇಟು ಅಂತ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಕಾಲೇಜು ಅಂತ ಊರಿನವರು ಕರೀತಾರೆ ಅಷ್ಟೆ. ಸರ್ಕಾರದ ಪ್ರಕಾರ ಅದು ಕಾಲೇಜೇ ಅಲ್ಲ. ಅರಸೀಕೆರೆಯಿಂದ ಆಚೆ, ನಾಲ್ಕು ಎಕರೆ ತೆಂಗಿನ ತೋಟದಲ್ಲಿ ಒಂದು ಉದ್ದನೆಯ ಹೆಂಚಿನ ಕಟ್ಟಡ, ಒಂದು ಶೆಡ್ಡು, ಅಡುಗೆಮನೆ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ಹುಡುಗಿಯರು ಬಂದು ಎರಡು ವರ್ಷ ಇರ್ತಾರೆ. ಬೆಳಗ್ಗೆ ತೋಟ, ಮಧ್ಯಾಹ್ನ ಪಂಪ್‌ಸೆಟ್ ರಿಪೇರಿ, ಮೋಟರ್ ವೈಂಡಿಂಗ್, ಮರಗೆಲಸ, ಹೊಲಿಗೆ. ಸಂಜೆ ಪಾಠ. ಉಳಿದುಹೋದ ಪರೀಕ್ಷೆಯನ್ನ ಅಲ್ಲಿದ್ದೇ ಕಟ್ಟಿ ಪಾಸ್ ಮಾಡ್ಕೋತಾರೆ. ಫೀಸಿಲ್ಲ. ಉಂಡ ತಟ್ಟೆ ಅವರೇ ತೊಳೀಬೇಕು, ಸರದಿ ಪ್ರಕಾರ ಅಡುಗೆ ಪಾತ್ರೆಯನ್ನೂ. ಒಬ್ಬ ನಿವೃತ್ತ ಹೆಡ್ಮಾಸ್ಟರು ತಮ್ಮ ಪಾಲಿಗೆ ಬಂದ ತೋಟ ಬರೆದುಕೊಟ್ಟು ಶುರು ಮಾಡಿದ್ದು. "ಪಾಸಾದವರಿಗೆ ದೇಶದಲ್ಲಿ ಬೇಕಾದಷ್ಟು ಬಾಗಿಲಿದೆ, ಫೇಲಾದವರಿಗೆ ಒಂದಾದರೂ ಇರಲಿ" ಅನ್ನೋದು ಅವರ ಮಾತು ಅಂತ ಮಾವ ಹೇಳ್ತಾರೆ. ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಟ್ರಸ್ಟಿನ ಪತ್ರದಲ್ಲಿ ಎರಡೇ ಮುಖ್ಯ ಷರತ್ತು: ಸುತ್ತಲಿನ ಹಳ್ಳಿಯ, ಓದು ನಿಂತುಹೋದ ಮಕ್ಕಳಿಗೆ, ಶುಲ್ಕ ತೆಗೆದುಕೊಳ್ಳದೆ.

ಮಾವ ಕೆಇಬಿಯಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದವರು. ಆ ಟ್ರಸ್ಟಿನಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದಾರೆ. ಶುರುವಿನಲ್ಲಿ ಹನ್ನೆರಡು ಮಕ್ಕಳಿದ್ದದ್ದು ಈಗ ನಲವತ್ತಾಗಿದೆ. ಅಷ್ಟು ವರ್ಷಕ್ಕೆ ಅಷ್ಟೇನಾ ಅಂತ ನನಗೆ ಅನ್ನಿಸಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸ್ಕೇಲೇ ಆಗಿಲ್ಲ.

ಅದಕ್ಕೇ ನಾನು ಮೊದಲ ಸಭೆಗೆ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಒಂದು ಎಕ್ಸೆಲ್ ಶೀಟ್ ತಗೊಂಡು ಹೋದೆ.

ಪ್ಲಾನ್ ಸರಳ. ಬ್ಯಾಂಕಿನಿಂದ 80 ಲಕ್ಷ ಸಾಲ. ಎರಡು ಮಹಡಿಯ ಕಟ್ಟಡ, ಹಾಸ್ಟೆಲ್, ಕಂಪ್ಯೂಟರ್ ರೂಮು. ಮಕ್ಕಳು ನಲವತ್ತರಿಂದ ನೂರಕ್ಕೆ. ಐದು ವರ್ಷದ ಗ್ರಾಫು ಮೇಲಕ್ಕೆ ಹೋಗ್ತಾ ಇತ್ತು, ಬಣ್ಣವೂ ಚೆನ್ನಾಗಿತ್ತು. ಆರು ಜನ ಟ್ರಸ್ಟಿಗಳಲ್ಲಿ ನಾಲ್ಕು ಜನ ಅಲ್ಲೇ ತಲೆದೂಗಿದರು. "ಎಂಥಾ ಕ್ಲಿಯರ್ ಆಗಿ ಮಾಡಿದಾನೆ ನೋಡಿ ಹುಡುಗ" ಅಂದರು. ಕೈ ಎತ್ತೋದೊಂದೇ ಬಾಕಿ. ಆಗ ಮಾವ, "ದೊಡ್ಡ ವಿಷಯ. ಮುಂದಿನ ಸಭೆಗೆ ಇಟ್ಟುಕೊಳ್ಳೋಣ, ಮೂರು ತಿಂಗಳಲ್ಲಿ ಏನೂ ಮುಳುಗಲ್ಲ" ಅಂದರು. ನನಗೆ ಒಳಗೊಳಗೇ ಸಿಟ್ಟು. ಹಳಬರು ಹೀಗೇ ಎಲ್ಲದಕ್ಕೂ ಅಡ್ಡಗಾಲು ಅಂದುಕೊಂಡೆ.

ರಾತ್ರಿ ಊಟ ಆದಮೇಲೆ ಮಾವ ಆ ಶೀಟಿನ ಪ್ರಿಂಟ್ ತಂದು ನನ್ನ ಮುಂದೆ ಇಟ್ಟರು. ಕನ್ನಡಕ ಏರಿಸಿಕೊಂಡು ಇಪ್ಪತ್ಮೂರನೇ ಸಾಲಿನ ಮೇಲೆ ಬೆರಳಿಟ್ಟರು. "ಇದೇನೋ ಇದು?"

ನೋಡಿದೆ. 'ಪಾವತಿ ಸೀಟು: 30, ನಾಲ್ಕನೇ ವರ್ಷದಿಂದ' ಅಂತ ಇತ್ತು. ಸಾಲದ ಕಂತು ತಿಂಗಳಿಗೆ ಒಂದು ಲಕ್ಷದ ಮೇಲೆ ಬರುತ್ತಿತ್ತು. ದೇಣಿಗೆ ಎಷ್ಟು ಹಿಗ್ಗಿಸಿದರೂ ಲೆಕ್ಕ ಕೂಡುತ್ತಿರಲಿಲ್ಲ. ರಾತ್ರಿ ಒಂದೂವರೆ ಗಂಟೆಯಲ್ಲಿ ಆ ಒಂದು ಸಾಲು ಸೇರಿಸಿದ್ದೆ, ಕೆಂಪಿದ್ದದ್ದು ಹಸಿರಾಗಿತ್ತು, ಮಲಗಿದ್ದೆ.

"ಅದು ಅಸಂಪ್ಷನ್ ಮಾವ."

"ಹೌದಾ" ಅಂದರು. ಇನ್ನೇನೂ ಹೇಳಲಿಲ್ಲ. ಸಭೆಯಲ್ಲೇ ಅದನ್ನ ನೋಡಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ನಾಲ್ಕು ಜನರ ಎದುರು ಸೊಸೆಮಗ... ಅಲ್ಲ, ಅಕ್ಕನ ಮಗ ಸಣ್ಣವನಾಗೋದು ಬೇಡ ಅಂತ ಸುಮ್ಮನಿದ್ದರು.

ಫೀಸು ತೆಗೆದುಕೊಳ್ಳಬಾರದು ಅನ್ನೋ ಷರತ್ತನ್ನ ನಾನು ಮುರಿದಿರಲಿಲ್ಲ. ಮುರೀಬೇಕು ಅಂತ ವಾದವನ್ನೂ ಮಾಡಿರಲಿಲ್ಲ. ಇನ್ನು ನಾಲ್ಕು ವರ್ಷಕ್ಕೆ ಬೇರೆ ದಾರಿಯೇ ಇಲ್ಲದೆ ಅದು ತಾನಾಗೇ ಮುರಿದುಬೀಳೋ ಹಾಗೆ ಒಂದು ಸೆಲ್‌ನಲ್ಲಿ ಬರೆದಿಟ್ಟಿದ್ದೆ. ಯಾರನ್ನೂ ಕೇಳದೆ. ಬೆಂಗಳೂರಿಗೆ ವಾಪಸ್ ಬರುವಾಗ ರೈಲಿನಲ್ಲಿ ಪೂರ್ತಿ ಇದೇ ತಲೆಯಲ್ಲಿ. ಟ್ರಸ್ಟಿ ಅಂದರೆ ಯಾರು? ಅವನು ಯಾರಿಗೆ ಉತ್ತರ ಕೊಡಬೇಕು? ಸತ್ತುಹೋದ ಮೇಷ್ಟ್ರಿಗಾ, ಈಗಿರೋ ನಲವತ್ತು ಮಕ್ಕಳಿಗಾ, ಇನ್ನೂ ಫೇಲೇ ಆಗದ, ಮುಂದೆ ಬರಬೇಕಾದ ಮಕ್ಕಳಿಗಾ?

ಈ ಗೊಂದಲವನ್ನ ಒಬ್ಬ ಗೆಳೆಯನ ಹತ್ತಿರ ತೋಡಿಕೊಂಡೆ. ಅವನು ವೈಟ್‌ಫೀಲ್ಡ್ ಕಡೆ ನೆಟ್‌ಆಪ್‌ನಲ್ಲಿ ಇದ್ದಾನೆ. "ನಮ್ಮ ಕಂಪನಿ ಕಟ್ಟಿದವರಲ್ಲಿ ಒಬ್ಬರು ಇಂಥದ್ದೇ ಒಂದು ಕಾಲೇಜಿನಲ್ಲಿ ಓದಿದವರು ಗೊತ್ತಾ? ಹೋರಿಗೆ ಬೀಜ ಒಡೆಯೋದು ಕಲಿತ ಸಿಲಿಕಾನ್ ವ್ಯಾಲಿ ಮನುಷ್ಯ. ಆಮೇಲೆ ಆ ಕಾಲೇಜಿಗೇ ಟ್ರಸ್ಟಿ ಆದರು, ಕೋರ್ಟಿಗೂ ಹೋದರು" ಅಂದ. ಆ ಮನುಷ್ಯ ಡೇವ್ ಹಿಟ್ಜ್. ಕಾಲೇಜು ಡೀಪ್ ಸ್ಪ್ರಿಂಗ್ಸ್. ಆ ರಾತ್ರಿಯಿಂದ ನಾನು ಅದರ ಕಥೆ ಹುಡುಕಿ ಓದೋಕೆ ಕೂತೆ.

ಕ್ಯಾಲಿಫೋರ್ನಿಯಾದಲ್ಲಿ, ನೆವಾಡಾ ಗಡಿಗೆ ಹತ್ತಿರ, ಮರುಭೂಮಿಯ ಒಂದು ಕಣಿವೆ. ಸುತ್ತ ಬೆಟ್ಟ, ನಡುವೆ ಒಂದು ದನದ ಫಾರ್ಮು. ಅಲ್ಲಿ 1917ರಲ್ಲಿ ಎಲ್. ಎಲ್. ನನ್ ಅನ್ನೋರು ಈ ಕಾಲೇಜು ಶುರು ಮಾಡಿದರು. ನನ್ ಕರೆಂಟಿನ ಮನುಷ್ಯ. 1891ರಲ್ಲಿ ಕೊಲೊರಾಡೊದ ಬೆಟ್ಟಗಳಲ್ಲಿ ಏಮ್ಸ್ ಅನ್ನೋ ಕಡೆ ನೀರಿನಿಂದ ಎಸಿ ಕರೆಂಟು ಮಾಡಿ ಚಿನ್ನದ ಗಣಿಗೆ ಸಾಗಿಸಿದವರು. ಆ ಕಾಲಕ್ಕೆ ಅದು ಹೊಸದು. ಆ ಪವರ್ ಹೌಸುಗಳನ್ನ ನಡೆಸೋಕೆ ಹುಡುಗರನ್ನ ತಗೊಂಡು, ಕೆಲಸದ ಜೊತೆಗೇ ಪಾಠವನ್ನೂ ಹೇಳಿಸಿದರು. ಆ ಅನುಭವವೇ ಮುಂದೆ ಕಾಲೇಜಾಯಿತು. ಇದನ್ನ ಮಾವನಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕು, "ಹಾಗಾದರೆ ನಮ್ಮ ಡಿಪಾರ್ಟ್‌ಮೆಂಟೇ ಬಿಡು" ಅಂದರು.

ಎರಡು ವರ್ಷದ ಓದು. ಒಟ್ಟು ವಿದ್ಯಾರ್ಥಿಗಳು ಮೂವತ್ತರ ಒಳಗೆ. ಫೀಸಿಲ್ಲ. ವಾರಕ್ಕೆ ಇಪ್ಪತ್ತು ಗಂಟೆಯಷ್ಟು ಮೈಮುರಿದು ಕೆಲಸ: ಹಾಲು ಕರೆಯೋದು, ದನ ಮೇಯಿಸೋದು, ಮೇವು ಬೆಳೆಯೋದು, ಅಡುಗೆ. ಮುಂದಿನ ಬ್ಯಾಚಿಗೆ ಯಾರನ್ನ ತಗೋಬೇಕು, ಯಾವ ಮೇಷ್ಟ್ರು ಬೇಕು, ಯಾವ ಪಾಠ ಬೇಕು, ಇದರಲ್ಲೆಲ್ಲ ವಿದ್ಯಾರ್ಥಿಗಳ ಸಮಿತಿಗಳದ್ದೇ ದೊಡ್ಡ ಪಾತ್ರ. ಟ್ರಸ್ಟಿಗಳ ಮಂಡಳಿಯಲ್ಲಿ ವಿದ್ಯಾರ್ಥಿಗಳೇ ಆರಿಸಿದ ಪ್ರತಿನಿಧಿಗಳೂ ಕೂರ್ತಾರೆ. ನೂರು ವರ್ಷ ದಾಟಿದರೂ ಅದು ಬೆಳೆದು ಯೂನಿವರ್ಸಿಟಿ ಆಗಲಿಲ್ಲ. ಕಣಿವೆ ಬಿಟ್ಟು ಇನ್ನೊಂದು ಬ್ರ್ಯಾಂಚ್ ತೆಗೀಲಿಲ್ಲ. ಹನ್ನೆರಡರಿಂದ ನಲವತ್ತಾಗೋಕೆ ಇಪ್ಪತ್ತೇಳು ವರ್ಷ ಬೇಕಾಯ್ತಾ ಅಂತ ಮಾವನ ಮೇಲೆ ನಾನು ಮೂಗು ಮುರಿದಿದ್ದು ಇಲ್ಲಿ ನೆನಪಾಯಿತು.

ಆದರೆ ಅಲ್ಲಿ ಒಂದು ಪದ ಇತ್ತು. ನನ್ ಬರೆಸಿದ ಟ್ರಸ್ಟ್ ಪತ್ರದಲ್ಲಿ ಈ ಕಾಲೇಜು ಭರವಸೆ ಹುಟ್ಟಿಸೋ 'ಹುಡುಗರಿಗೆ' ಅಂತ ಇತ್ತು. ಹಾಗಾಗಿ ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ಹುಡುಗಿಯರಿಗೆ ಪ್ರವೇಶ ಇರಲಿಲ್ಲ. ಈ ಬಗ್ಗೆ ಒಳಗೆ ವಾದ ಬಹಳ ಹಿಂದಿನಿಂದ ನಡೆದೇ ಇತ್ತು. 2011ರಲ್ಲಿ ಟ್ರಸ್ಟಿಗಳ ಮಂಡಳಿ ಹುಡುಗಿಯರನ್ನೂ ತಗೊಳ್ಳೋದು ಅಂತ ಬಹುಮತದಿಂದ ತೀರ್ಮಾನ ಮಾಡಿತು. ಇಬ್ಬರು ಟ್ರಸ್ಟಿಗಳು ಒಪ್ಪಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಮಂಡಳಿಯ ಕಡೆಯಿಂದ ಕೇಸಿನಲ್ಲಿ ಮೊದಲು ಬರೋ ಹೆಸರು ಹಿಟ್ಜ್ ಅವರದ್ದು. 2013ಕ್ಕೆ ಹುಡುಗಿಯರು ಬರಬೇಕಿತ್ತು, ಕೋರ್ಟು ತಡೆಯಿತು. ಕೆಳಗಿನ ಕೋರ್ಟು, ಮೇಲ್ಮನವಿ ಅಂತ ಸುತ್ತಿ, 2017ರಲ್ಲಿ ಮೇಲಿನ ಕೋರ್ಟು ಮಂಡಳಿಯ ಪರವಾಗಿ ಹೇಳಿತು. ಹುಡುಗಿಯರು ಮೊದಲ ಸಲ ಆ ಕಣಿವೆಗೆ ವಿದ್ಯಾರ್ಥಿನಿಯರಾಗಿ ಬಂದದ್ದು 2018ರಲ್ಲಿ. ತೀರ್ಮಾನ ಮಾಡಿ ಏಳು ವರ್ಷ ಆದಮೇಲೆ.

ಮೊದಲು ಓದಿದಾಗ ನನಗೂ ನಿಮ್ಮ ಹಾಗೇ ಅನ್ನಿಸಿತು. ಈ ಕಾಲದಲ್ಲಿ ಹುಡುಗಿಯರನ್ನ ತಗೋಬೇಕೋ ಬೇಡವೋ ಅನ್ನೋಕೆ ಕೋರ್ಟು ಬೇಕಾ? ಆ ಇಬ್ಬರು ಯಾವ ಕಾಲದವರಪ್ಪಾ?

ಎರಡನೇ ಸಲ ಓದಿದಾಗ ಅಷ್ಟು ಸಲೀಸು ಅನ್ನಿಸಲಿಲ್ಲ. ಆ ಇಬ್ಬರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಒಬ್ಬ ಮನುಷ್ಯ ತನ್ನ ದುಡ್ಡು, ಜಮೀನು ಬಿಟ್ಟುಹೋಗ್ತಾ ನಾಲ್ಕು ಸಾಲು ಬರೆದಿಟ್ಟ. ಅವನು ಎದ್ದು ಬಂದು 'ನಾನು ಹಾಗೆ ಹೇಳಿರಲಿಲ್ಲ' ಅನ್ನೋ ಹಾಗಿಲ್ಲ. ಅವನ ಪರವಾಗಿ ಮಾತಾಡೋಕೆ ಇರೋರು ಟ್ರಸ್ಟಿಗಳು ಮಾತ್ರ. ಆ ಟ್ರಸ್ಟಿಗಳೇ 'ಅವನು ಈಗ ಬದುಕಿದ್ದರೆ ಬೇರೆ ಥರ ಬರೀತಿದ್ದ' ಅನ್ನೋಕೆ ಶುರು ಮಾಡಿದರೆ, ಅದಕ್ಕೆ ಕೊನೆ ಎಲ್ಲಿ? ಇವತ್ತು ಒಳ್ಳೆಯ ಕಾರಣಕ್ಕೆ ಒಂದು ಪದ. ನಾಳೆ ಇನ್ಯಾರೋ ಬಂದು 'ಮೇಷ್ಟ್ರು ಈಗಿದ್ದಿದ್ದರೆ ಫೀಸ್ ತಗೋಳ್ತಿದ್ದರು' ಅಂದರೆ?

ಈ ಕೊನೆಯ ಸಾಲು ಬರೆಯುವಾಗ ನನ್ನ ಬೆರಳು ನಿಂತಿತು. ಯಾಕೆಂದರೆ ಆ 'ಇನ್ಯಾರೋ' ನಾನೇ. ಅದೂ ಬಾಯಿಬಿಟ್ಟು ಹೇಳುವ ಧೈರ್ಯವನ್ನೂ ಮಾಡದೆ ಇಪ್ಪತ್ಮೂರನೇ ಸಾಲಿನಲ್ಲಿ ಬರೆದವನು.

ಫೀಸಿನ ಕಥೆ ನಿಜವಾಗಿ ನಡೆದ ಒಂದು ಜಾಗ ಇದೆ. ನ್ಯೂಯಾರ್ಕಿನ ಕೂಪರ್ ಯೂನಿಯನ್. ಪೀಟರ್ ಕೂಪರ್ ಶಾಲೆಗೆ ಸರಿಯಾಗಿ ಒಂದು ವರ್ಷವೂ ಹೋಗದೆ, ಅಂಟು ತಯಾರಿಸಿ, ರೈಲು ಎಂಜಿನ್ ಕಟ್ಟಿ ಶ್ರೀಮಂತನಾದ ಮನುಷ್ಯ. ತನಗೆ ಸಿಗದಿದ್ದದ್ದು ದುಡಿಯೋ ಜನರ ಮಕ್ಕಳಿಗೆ ಸಿಗಲಿ ಅಂತ 1859ರಲ್ಲಿ ಈ ಸಂಸ್ಥೆ ತೆರೆದ. ಚಿತ್ರಕಲೆ, ವಾಸ್ತುಶಿಲ್ಪ, ಎಂಜಿನಿಯರಿಂಗ್. ಒಳಗೆ ಬಂದ ಪ್ರತಿಯೊಬ್ಬರಿಗೂ ಶುಲ್ಕ ಮಾಫಿ ಅನ್ನೋದು ನೂರಕ್ಕೂ ಹೆಚ್ಚು ವರ್ಷ ನಡೆಯಿತು. ನ್ಯೂಯಾರ್ಕಿನ ಪ್ರಸಿದ್ಧ ಕ್ರೈಸ್ಲರ್ ಕಟ್ಟಡ ನಿಂತಿರೋ ಜಾಗವೇ ಇವರದ್ದು, ಅದರಿಂದ ದೊಡ್ಡ ಆದಾಯ.

2013ರ ಏಪ್ರಿಲ್‌ನಲ್ಲಿ ಟ್ರಸ್ಟಿಗಳು ಒಂದು ಪ್ರಕಟಣೆ ಕೊಟ್ಟರು: ಮುಂದಿನ ವರ್ಷದ ಬ್ಯಾಚಿನಿಂದ ಅರ್ಧ ಶುಲ್ಕ ತೆಗೆದುಕೊಳ್ಳುತ್ತೇವೆ. ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಅಧ್ಯಕ್ಷರ ಆಫೀಸಿನೊಳಗೇ ಹೋಗಿ ಎರಡು ತಿಂಗಳಿಗೂ ಹೆಚ್ಚು ಕಾಲ ಕೂತರು. 2014ರಲ್ಲಿ ಕೇಸು ಬಿತ್ತು. ರಾಜ್ಯದ ಅಟಾರ್ನಿ ಜನರಲ್ ತನಿಖೆ ಮಾಡಿದರು. 2015ರಲ್ಲಿ ರಾಜಿಯಾಯಿತು. ಮತ್ತೆ ಪೂರ್ತಿ ಉಚಿತಕ್ಕೆ ಮರಳೋಕೆ ಹತ್ತು ವರ್ಷದ ಯೋಜನೆಯೊಂದನ್ನ 2018ರಲ್ಲಿ ಒಪ್ಪಿಕೊಂಡರು.

ಎರಡೂ ಕಡೆ ಟ್ರಸ್ಟಿಗಳು ಹೇಳಿದ ಮಾತನ್ನ ಅಕ್ಕಪಕ್ಕ ಇಟ್ಟು ನೋಡಿ. ಡೀಪ್ ಸ್ಪ್ರಿಂಗ್ಸ್‌ನಲ್ಲಿ: ಸ್ಥಾಪಕರ ಉದ್ದೇಶ ಉಳಿಯಬೇಕು, ಅದಕ್ಕೇ ಪದ ಬದಲಾಗಬೇಕು. ಕೂಪರ್ ಯೂನಿಯನ್‌ನಲ್ಲಿ: ಸ್ಥಾಪಕರ ಸಂಸ್ಥೆ ಉಳಿಯಬೇಕು, ಅದಕ್ಕೇ ಪದ್ಧತಿ ಬದಲಾಗಬೇಕು. ವಾಕ್ಯದ ಅಚ್ಚು ಒಂದೇ. ಒಂದನ್ನ ಓದಿದಾಗ ಸರಿ ಅನ್ನಿಸುತ್ತೆ, ಇನ್ನೊಂದು ಕರುಳು ಹಿಂಡುತ್ತೆ. ಯಾಕೆ?

ಸುಲಭದ ಉತ್ತರ ಒಂದಿದೆ. ಒಂದು ಕಡೆ ಬಾಗಿಲು ದೊಡ್ಡದಾಯಿತು, ಇನ್ನೊಂದು ಕಡೆ ಚಿಕ್ಕದಾಯಿತು. ಒಳ್ಳೇ ಅಳತೆಗೋಲು, ಸುಳ್ಳಲ್ಲ. ಆದರೆ ನನ್ನ ಎಕ್ಸೆಲ್ ಕೂಡ ಬಾಗಿಲು ದೊಡ್ಡದು ಮಾಡ್ತೀನಿ ಅಂತಲೇ ಹೇಳ್ತಿತ್ತು. ನಲವತ್ತರಿಂದ ನೂರಕ್ಕೆ! ಅದರಲ್ಲಿ ಮೂವತ್ತು ಪಾವತಿ ಸೀಟು ತೆಗೆದರೂ ಎಪ್ಪತ್ತು ಬಡ ಮಕ್ಕಳು. ಲೆಕ್ಕಕ್ಕೆ ಲೆಕ್ಕ ಲಾಭವೇ. ಹಾಗಾದರೆ ತಪ್ಪು ಎಲ್ಲಿ?

ನಾನು ಕೂಪರ್ ಯೂನಿಯನ್ ಕಥೆಯಲ್ಲಿ ಹಿಂದಕ್ಕೆ ಹೋಗ್ತಾ ಹೋದೆ. 2013ರ ಆ ದೊಡ್ಡ ಪ್ರಕಟಣೆಗಿಂತ ಏಳು ವರ್ಷ ಹಿಂದೆ, 2006ರಲ್ಲಿ, ಒಂದು ಸಾಲ ಸಿಕ್ಕಿತು. ಆ ಕ್ರೈಸ್ಲರ್ ಜಾಗವನ್ನ ಅಡ ಇಟ್ಟು 17.5 ಕೋಟಿ ಡಾಲರ್ ಸಾಲ ತಂದರು. ಹೊಸ ಕಟ್ಟಡ ಎದ್ದಿತು. 2009ರಲ್ಲಿ ತೆರೆದಾಗ ವಾಸ್ತುಶಿಲ್ಪ ಲೋಕ ಹಾಡಿಹೊಗಳಿದ ಕಟ್ಟಡ ಅದು. ಅಷ್ಟರಲ್ಲಿ ಮಾರುಕಟ್ಟೆ ಕುಸಿದಿತ್ತು. ಸಾಲದ ಬಡ್ಡಿ ಮಾತ್ರ ವರ್ಷಕ್ಕೆ ಸುಮಾರು ಒಂದು ಕೋಟಿ ಡಾಲರ್, ತಪ್ಪದೆ ಬರ್ತಾ ಇತ್ತು.

2006ರಲ್ಲಿ ಯಾರೂ ಆಫೀಸಿನೊಳಗೆ ಹೋಗಿ ಧರಣಿ ಕೂರಲಿಲ್ಲ. ಕೂರೋಕೆ ಕಾರಣವೂ ಕಾಣ್ತಿರಲಿಲ್ಲ. ಕಟ್ಟಡ ಬರುತ್ತೆ ಅಂದರೆ ಯಾರಿಗೆ ಬೇಡ? ಫೀಸಿನ ಮಾತು ಎಲ್ಲೂ ಇಲ್ಲ. ಆದರೆ ನನ್ನ ಕಣ್ಣಿಗೆ ಫೀಸು ನಿಜವಾಗಿ ಹುಟ್ಟಿದ್ದು ಆ ಸಾಲದ ಕಾಗದಕ್ಕೆ ಸಹಿ ಬಿದ್ದ ದಿನ. 2013ರಲ್ಲಿ ನಡೆದದ್ದು ನಾಮಕರಣ ಅಷ್ಟೆ. ಅಷ್ಟು ಹೊತ್ತಿಗೆ 'ಬೇಡ' ಅನ್ನೋಕೆ ಜಾಗವೇ ಉಳಿದಿರಲಿಲ್ಲ. 'ಬೇರೆ ದಾರಿ ಇಲ್ಲ' ಅಂತ ಟ್ರಸ್ಟಿಗಳು ಹೇಳಿದರೆ ಅದು ಸುಳ್ಳಾಗಿರಬೇಕಿಲ್ಲ. ಬೇರೆ ದಾರಿಗಳನ್ನ ಮುಚ್ಚಿದ್ದು ಯಾವಾಗ, ಮುಚ್ಚುವಾಗ ಯಾರನ್ನ ಕೇಳಿದಿರಿ, ಅದು ಪ್ರಶ್ನೆ.

ಈಗ ಡೀಪ್ ಸ್ಪ್ರಿಂಗ್ಸ್ ಕಡೆ ತಿರುಗಿ. ಅವರು ಬದಲಾಯಿಸಬೇಕು ಅಂದುಕೊಂಡದ್ದನ್ನ ಬಾಯಿಬಿಟ್ಟು ಹೇಳಿದರು. ಪದ ಇಂಥದ್ದು, ಇದನ್ನ ಬದಲಾಯಿಸ್ತೀವಿ, ಕಾರಣ ಇದು. ಒಳಗೇ ಇಬ್ಬರು ಎದ್ದು 'ಕೂಡದು' ಅಂದರು. ನ್ಯಾಯಾಧೀಶರು ಎರಡೂ ಕಡೆ ಕೇಳಿದರು. ಏಳು ವರ್ಷ ಹಿಡಿಯಿತು. ಆ ಏಳು ವರ್ಷದಲ್ಲಿ ಎಷ್ಟೋ ಹುಡುಗಿಯರಿಗೆ ಅನ್ಯಾಯ ಆಯಿತು, ಅದನ್ನ ತೇಲಿಸಿ ಮಾತಾಡಲಾರೆ. ಆದರೆ ಆ ಅಷ್ಟೂ ದಿನ 'ಬೇಡ' ಅನ್ನೋ ಅವಕಾಶ ಜೀವಂತವಾಗಿತ್ತು. ಆ ಇಬ್ಬರು ಸೋತರು. ಗೆದ್ದವರ ತೀರ್ಮಾನಕ್ಕೆ ತೂಕ ಬಂದದ್ದು ಮಾತ್ರ ಅವರಿಂದಲೇ ಅಂತ ನನಗನ್ನಿಸುತ್ತೆ. ಇವತ್ತು ಅಲ್ಲಿ ಹಾಲು ಕರೆಯೋ ಹುಡುಗಿಗೆ 'ನೀನು ಕಳ್ಳದಾರಿಯಲ್ಲಿ ಬಂದೆ' ಅಂತ ಯಾರೂ ಹೇಳೋ ಹಾಗಿಲ್ಲ.

ಕನ್ನಡದಲ್ಲಿ ಟ್ರಸ್ಟಿಗೆ ಒಂದು ಹಳೇ ಪದ ಇದೆ: ಧರ್ಮದರ್ಶಿ. ದೇವಸ್ಥಾನದ ಬೋರ್ಡುಗಳ ಮೇಲೆ, ಮದುವೆ ಛತ್ರದ ಕಲ್ಲುಗಳ ಮೇಲೆ ಓದಿ ಓದಿ ಅದರ ಅರ್ಥವೇ ನಮಗೆ ಮರೆತುಹೋಗಿದೆ. ಆ ಪದದಲ್ಲಿ ಒಡೆಯ ಇಲ್ಲ, ಮ್ಯಾನೇಜರ್ ಇಲ್ಲ. ನೋಡುವವನು ಇದ್ದಾನೆ. ನೋಡೋದೇ ಅವನ ಕೆಲಸ. ಮಾವ ಇಪ್ಪತ್ತೇಳು ವರ್ಷ ಏನು ಮಾಡಿದರು ಅಂತ ಕೇಳಿದರೆ ತೋರಿಸೋಕೆ ಕಟ್ಟಡ ಇಲ್ಲ, ಕಲ್ಲಿನ ಮೇಲೆ ಹೆಸರಿಲ್ಲ. ಒಬ್ಬರು ದೊಡ್ಡ ಮನುಷ್ಯರು ಹೆಸರು ಕೆತ್ತಿಸಿದರೆ ಹಾಲ್ ಕಟ್ಟಿಸಿಕೊಡ್ತೀನಿ ಅಂದಾಗ 'ಹಾಲ್ ಬೇಡ, ಎರಡು ಹಳೇ ಮೋಟರ್ ಕೊಡಿ, ಮಕ್ಕಳು ಬಿಚ್ಚಿ ಕಲೀತಾರೆ' ಅಂದಿದ್ದರಂತೆ. ಹುಡುಗಿಯರನ್ನ ಸೇರಿಸಿಕೊಂಡದ್ದು ಅವರು ಬಂದ ಮೂರನೇ ವರ್ಷ, ಮೊದಲು ಅವರಿಗೊಂದು ಪ್ರತ್ಯೇಕ ಬಚ್ಚಲು ಕಟ್ಟಿಸಿ. ಪ್ರತಿ ಸಭೆಗೂ ಲೆಕ್ಕದ ಪುಸ್ತಕದ ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಓದಿಕೊಂಡು ಬರೋದು ಅವರ ಅಭ್ಯಾಸ. ಇಪ್ಪತ್ಮೂರನೇ ಸಾಲು ಸಿಕ್ಕಿದ್ದು ಹಾಗೆ.

ನಮ್ಮಂಥವರಿಗೆ ಈಗ ಇಂಥ ಕರೆಗಳು ಬರ್ತಾ ಇವೆ. ಊರಿನ ಶಾಲೆ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನು, ಗೆಳೆಯರ ಎನ್‌ಜಿಒ, ಅಜ್ಜನ ಕಾಲದ ಟ್ರಸ್ಟು. ನಮಗೆ ಪ್ರೆಸೆಂಟೇಷನ್ ಮಾಡೋಕೆ ಬರುತ್ತೆ, ಬೆಳವಣಿಗೆ ಅಂದರೆ ಗ್ರಾಫು ಮೇಲಕ್ಕೆ ಹೋಗೋದು ಅಂತ ಗೊತ್ತು. ಆಫೀಸಿನಲ್ಲಿ ಅಸಂಪ್ಷನ್ ತಪ್ಪಾದರೆ ಮುಂದಿನ ಕ್ವಾರ್ಟರ್‌ನಲ್ಲಿ ಸರಿ ಮಾಡ್ತೀವಿ. ನಷ್ಟ ಆದರೆ ಶೇರುದಾರರದ್ದು, ಅವರು ಗೊತ್ತಿದ್ದೇ ದುಡ್ಡು ಹಾಕಿದವರು. ಇಲ್ಲಿ ನಷ್ಟ ಆಗೋದು ಆ ರೂಮಿನಲ್ಲಿ ಇಲ್ಲದವರಿಗೆ. ಒಬ್ಬರು ತೀರಿಹೋದವರು, ಇನ್ನೊಬ್ಬರು ಇನ್ನೂ ಬರದವರು. ಇಬ್ಬರಿಗೂ ಮೀಟಿಂಗ್ ಲಿಂಕ್ ಕಳಿಸೋಕಾಗಲ್ಲ.

ಮೂರು ತಿಂಗಳಾದ ಮೇಲೆ ಎರಡನೇ ಸಭೆ. ಈ ಸಲ ನಾನು ಗ್ರಾಫು ತೋರಿಸಲಿಲ್ಲ. ಇಪ್ಪತ್ಮೂರನೇ ಸಾಲನ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಎಲ್ಲರ ಕೈಗೆ ಕೊಟ್ಟು, "ಹೋದ ಸಲ ಇದನ್ನ ನಾನು ನಿಮಗೆ ಹೇಳಲಿಲ್ಲ. ಸಾಲ ತಂದರೆ ನಾಲ್ಕನೇ ವರ್ಷಕ್ಕೆ ಫೀಸು ಬಂದೇ ಬರುತ್ತೆ. ಬೇಕಾ ಬೇಡವಾ ಈಗಲೇ ಹೇಳಿ" ಅಂದೆ. ಕಿವಿ ಬಿಸಿಯಾಗಿತ್ತು. ಮಾವ ಒಂದು ಸಲಹೆ ಕೊಟ್ಟಿದ್ದರು, ಅದರಂತೆ ಪಾಠ ಹೇಳೋ ಮೂವರು, ಹಳೇ ವಿದ್ಯಾರ್ಥಿಗಳು ಇಬ್ಬರು, ಅಡುಗೆಯ ಅಮ್ಮ, ಎಲ್ಲರನ್ನೂ ಕರೆದಿದ್ದೆವು.

ವಾದ ಜೋರಾಗೇ ನಡೆಯಿತು. ಹಳೇ ವಿದ್ಯಾರ್ಥಿಯೊಬ್ಬ, ಈಗ ತಿಪಟೂರಿನಲ್ಲಿ ಸ್ವಂತ ಮೋಟರ್ ಅಂಗಡಿ ಇಟ್ಟಿರೋನು, ಫೀಸಿನ ಪರವಾಗೇ ಮಾತಾಡಿದ. "ನಾನೀಗ ನನ್ನ ಮಗನಿಗೆ ಫೀಸ್ ಕೊಡಬಲ್ಲೆ ಸರ್. ಕೊಡೋರ ಹತ್ರ ತಗೊಂಡರೆ ಏನು ತಪ್ಪು?" ಅಂದ. ಅವನ ಮಾತಿಗೆ ಥಟ್ಟನೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತಿದ್ದ ಅಡುಗೆಯ ಅಮ್ಮ ಕೇಳಿದರು: "ಫೀಸ್ ಕೊಟ್ಟು ಬರೋ ಮಕ್ಕಳು ಪಾತ್ರೆ ತೊಳೀತವಾ?"

ಯಾರೋ ನಕ್ಕರು. ಆಮೇಲೆ ನಗು ನಿಂತುಹೋಯಿತು. ಅಲ್ಲಿ ಪಾತ್ರೆ ತೊಳೆಯೋದು ಕೆಲಸ ಉಳಿಸೋ ಉಪಾಯ ಆಗಿರಲಿಲ್ಲ. ಫೇಲಾಗಿ ತಲೆ ತಗ್ಗಿಸಿ ಬಂದ ನಲವತ್ತು ಮಕ್ಕಳು ಒಂದೇ ನೆಲದ ಮೇಲೆ ನಿಲ್ಲೋ ಜಾಗ ಅದು. ಮೂವತ್ತು ಜನ ದುಡ್ಡು ಕೊಟ್ಟು, ಎಪ್ಪತ್ತು ಜನ ಧರ್ಮಕ್ಕೆ ಅಂತಾದ ದಿನ ಆ ಎಪ್ಪತ್ತು ಜನ ಮತ್ತೆ ಫೇಲಾದ ಮಕ್ಕಳಾಗ್ತಾರೆ. ನನ್ನ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಸಾಲ ಬೇಡ ಅಂತಾಯಿತು. ಬದಲಿಗೆ ಕೈಯಲ್ಲಿದ್ದಷ್ಟು ದುಡ್ಡಿಗೆ ಶೆಡ್ಡಿನ ಪಕ್ಕ ಒಂದು ರೂಮು, ಮುಂದಿನ ವರ್ಷ ಆದರೆ ಇನ್ನೊಂದು. ನಲವತ್ತು ಈಗ ನಲವತ್ತಾರಾಗಿದೆ. ನಡಾವಳಿ ಪುಸ್ತಕದಲ್ಲಿ ಬರೆಯುವಾಗ ಕಾರ್ಯದರ್ಶಿಗಳು ರೂಢಿಯಂತೆ 'ಸರ್ವಾನುಮತದಿಂದ' ಅಂತ ಶುರು ಮಾಡಿದರು. ಮಾವ ತಡೆದರು. "ಸರ್ವಾನುಮತ ಎಲ್ಲಾಯ್ತು? ಆ ತಿಪಟೂರಿನ ಹುಡುಗ ಕೇಳಿದ್ದನ್ನೂ ಬರೀರಿ. ಇನ್ನು ಹತ್ತು ವರ್ಷಕ್ಕೆ ಓದೋರಿಗೆ ಬೇಕಾಗುತ್ತೆ." ಬರೆದರು. ಆಮೇಲೆ ಮಾವ ತಮ್ಮ ರಾಜೀನಾಮೆ ಕಾಗದ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು.

ಇದು ಸುಖಾಂತ ಅಂದುಕೊಳ್ಳಬೇಡಿ. ಈ ಜೂನ್‌ನಲ್ಲಿ ಜಾಗ ಇಲ್ಲ ಅಂತ ಹನ್ನೊಂದು ಮಕ್ಕಳನ್ನ ವಾಪಸ್ ಕಳಿಸಿದೆವು. ಒಬ್ಬ ಹುಡುಗಿಯ ಅಪ್ಪ ಗೇಟಿನ ಹತ್ತಿರ ಅರ್ಧ ಗಂಟೆ ನಿಂತಿದ್ದರು. ಸಾಲ ತಂದಿದ್ದರೆ ಆ ಹುಡುಗಿ ಒಳಗಿರ್ತಿದ್ದಳು. ಮೂರು ವರ್ಷದ ಮಟ್ಟಿಗಾದರೂ ನನ್ನ ಎಕ್ಸೆಲ್ ಸರಿಯಾಗೇ ಇತ್ತು. ನಾನು 'ಬೇಡ' ಅಂತ ಕೈ ಎತ್ತಿದ್ದರ ಬೆಲೆಯನ್ನ ನಾನು ಕೊಡಲಿಲ್ಲ, ಅವಳು ಕೊಟ್ಟಳು. ಟ್ರಸ್ಟಿಯ ಕೆಲಸದಲ್ಲಿ ಕೈ ತೊಳೆದುಕೊಂಡು ಏಳೋ ತೀರ್ಮಾನ ಅನ್ನೋದು ಇಲ್ಲವೇನೋ.

ಆ ಹನ್ನೊಂದು ಹೆಸರನ್ನ ಒಂದು ಹಾಳೆಯಲ್ಲಿ ಬರೆದು ನಡಾವಳಿ ಪುಸ್ತಕದ ಒಳಗೆ ಇಟ್ಟಿದ್ದೀನಿ. ಮುಂದಿನ ಸಭೆಯಲ್ಲಿ ಲೆಕ್ಕ ಓದೋ ಮುಂಚೆ ಅದನ್ನ ಓದಬೇಕು ಅಂತ.